ಹಳ್ಳಿಗೆ ಡಾಕ್ಟರ್ ಬರಬೇಕಾದರೆ ಪಾಠ ಎಲ್ಲಿ ನಡೆಯಬೇಕು?

ಮುಂಡರಗಿ ಸೀಮೆಯ ರೈತರೊಬ್ಬರು ದವಾಖಾನೆಗೆ ಬಂದಿದ್ದಾರೆ ಅಂದುಕೊಳ್ಳಿ. ವಯಸ್ಸು ಐವತ್ತರ ಆಸುಪಾಸು. "ಸೊಂಟ ಹಿಡದೈತ್ರಿ ಸಾಹೇಬ್ರ, ಬಗ್ಗಾಕ ಬರವಲ್ದು" ಅನ್ನುತ್ತಾರೆ. ಡಾಕ್ಟರ್ ಹೊಸಬರು, ಓದಿದ್ದು ದೊಡ್ಡ ಊರಿನಲ್ಲಿ. ನೋವಿನ ಗುಳಿಗೆ ಬರೆದು ಕಳಿಸುತ್ತಾರೆ. ಗುಳಿಗೆ ಇರುವ ತನಕ ಆರಾಮ. ಮುಗಿದ ಮೇಲೆ ಮತ್ತದೇ ಪಾಳಿ, ಮತ್ತದೇ ಚೀಟಿ.

ಅದೇ ಕುರ್ಚಿಯಲ್ಲಿ ಆ ಸೀಮೆ ಗೊತ್ತಿರುವ ಡಾಕ್ಟರ್ ಕೂತಿದ್ದರೆ? ಅವರು ಮೊದಲು ಬಾಯಿ ತೆಗೆಸಿ ಹಲ್ಲು ನೋಡುತ್ತಾರೆ. ಕಂದು ಗೆರೆ, ಕಲೆ ಇವೆಯಾ ಅಂತ. ಆಮೇಲೆ ಗದ್ದವನ್ನು ಎದೆಗೆ ಮುಟ್ಟಿಸಲು ಹೇಳುತ್ತಾರೆ. ಬಗ್ಗಿ ಕಾಲ್ಬೆರಳು ಮುಟ್ಟಲು ಹೇಳುತ್ತಾರೆ. ಎರಡೂ ಕೈ ತಲೆಯ ಹಿಂದೆ ಕಟ್ಟಲು ಹೇಳುತ್ತಾರೆ. ಇವು ಆಗದಿದ್ದರೆ ಮುಂದಿನ ಪ್ರಶ್ನೆ ಸೊಂಟದ ಬಗ್ಗೆ ಇರುವುದೇ ಇಲ್ಲ. "ಕುಡಿಯೋ ನೀರು ಎಲ್ಲಿಂದ ತರ್ತೀರಿ?" ಗದಗ ಜಿಲ್ಲೆಯ, ಅದರಲ್ಲೂ ಮುಂಡರಗಿ ತಾಲ್ಲೂಕಿನ ಹಲವು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಚಿಕ್ಕಂದಿನಿಂದ ಕುಡಿದವರ ಹಲ್ಲು ಕಲೆಗಟ್ಟುತ್ತದೆ. ಫ್ಲೋರೈಡ್ ಇನ್ನೂ ಹೆಚ್ಚಿದ್ದು, ಹತ್ತಾರು ವರ್ಷ ಅದನ್ನೇ ಕುಡಿದರೆ ಎಲುಬು, ಕೀಲು ಬಿಗಿಯುತ್ತವೆ. ಇದಕ್ಕೆ ಗುಳಿಗೆ ಮದ್ದಲ್ಲ, ಕುಡಿಯುವ ನೀರೇ ಬದಲಾಗಬೇಕು.

ಇಬ್ಬರೂ ಎಂಬಿಬಿಎಸ್. ಇಬ್ಬರೂ ಬುದ್ಧಿವಂತರು. ಒಬ್ಬರಿಗೆ ರೋಗಿ ಬದುಕುವ ಊರು ಗೊತ್ತು, ಇನ್ನೊಬ್ಬರಿಗೆ ಗೊತ್ತಿಲ್ಲ, ಅಷ್ಟೇ.

ಹಳ್ಳಿಗೆ ಡಾಕ್ಟರ್ ಬರುತ್ತಿಲ್ಲ ಎಂಬ ಮಾತು ಎತ್ತಿದ ಕೂಡಲೇ ನಾವು ಸಂಬಳ, ಬಾಂಡ್ (ಓದು ಮುಗಿದ ಮೇಲೆ ಸರ್ಕಾರಿ ಸೇವೆಯ ಕರಾರು), ದಂಡ ಅಂತ ಶುರು ಮಾಡುತ್ತೇವೆ. ಅವರು ಏನು ಕಲಿತರು, ಎಲ್ಲಿ ಕೂತು ಕಲಿತರು ಅನ್ನುವುದನ್ನು ಕೇಳುವವರು ಕಡಿಮೆ. ನನಗೆ ಅನ್ನಿಸುವುದು, ಗಂಟು ಇರುವುದೇ ಅಲ್ಲಿ.

1961ರಲ್ಲಿ ಕೆರ್ ವೈಟ್ ಎಂಬ ವೈದ್ಯ ಮತ್ತು ಅವರ ಜೊತೆಗಾರರು ಅಮೆರಿಕ, ಬ್ರಿಟನ್ನಿನ ಅಂಕಿಗಳನ್ನು ಸೇರಿಸಿ ಒಂದು ಸರಳ ಲೆಕ್ಕ ಕೊಟ್ಟರು. 1000 ಮಂದಿ ದೊಡ್ಡವರನ್ನು ಒಂದು ತಿಂಗಳು ಗಮನಿಸಿ. 750 ಮಂದಿಗೆ ಏನಾದರೊಂದು ಬೇನೆ ಬರುತ್ತದೆ. ಅದರಲ್ಲಿ 250 ಮಂದಿ ಡಾಕ್ಟರನ್ನು ಕಾಣುತ್ತಾರೆ. 9 ಮಂದಿ ಆಸ್ಪತ್ರೆಯಲ್ಲಿ ಮಲಗುತ್ತಾರೆ. ಮೆಡಿಕಲ್ ಕಾಲೇಜಿನ ದೊಡ್ಡ ಆಸ್ಪತ್ರೆಗೆ ಹೋಗುವವರು ಎಷ್ಟು? ಒಬ್ಬರು. ವೈದ್ಯ ವಿದ್ಯಾರ್ಥಿ ತನ್ನ ಓದಿನ ಬಹುಭಾಗ ನೋಡುವುದು ಆ ಒಬ್ಬರನ್ನು. ಮುಂದೆ ಕೆಲಸ ಮಾಡಬೇಕಾದದ್ದು ಉಳಿದ 249 ಮಂದಿಯ ನಡುವೆ.

ನಮ್ಮ ಕಡೆ ಲೆಕ್ಕ ಇಷ್ಟು ಅಚ್ಚುಕಟ್ಟಾಗಿಲ್ಲ, ಒಪ್ಪುತ್ತೇನೆ. ಮಗುವಿಗೆ ಎರಡು ದಿನ ಜ್ವರ ಬಂದರೂ ಬಸ್ ಹತ್ತಿ ನೇರ ಹುಬ್ಬಳ್ಳಿಗೆ ಬರುವವರಿದ್ದಾರೆ. 1957ರಲ್ಲಿ ಶುರುವಾದ ಹುಬ್ಬಳ್ಳಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ (ಜನರ ಬಾಯಲ್ಲಿ ಕಿಮ್ಸ್, ಇಲ್ಲವೇ ಕೆಎಂಸಿ) ಗದಗ, ಹಾವೇರಿ, ಕೊಪ್ಪಳ, ಉತ್ತರ ಕನ್ನಡ ಹೀಗೆ ಸುತ್ತಲಿನ ಜಿಲ್ಲೆಗಳ ರೋಗಿಗಳನ್ನು ಹೊತ್ತುಕೊಂಡಿದೆ. ಅಲ್ಲಿ ಕಲಿತವರು ಕೈಕೆಲಸದಲ್ಲಿ ಗಟ್ಟಿ. ಆದರೆ ವಾರ್ಡಿಗೆ ಬರುವ ಹೊತ್ತಿಗೆ ರೋಗಿಯ ಊರು, ಹೊಲ, ನೀರು, ಸಾಲ ಎಲ್ಲ ಕಳಚಿಬಿದ್ದಿರುತ್ತವೆ. ಉಳಿಯುವುದು ಹಾಸಿಗೆ ನಂಬರ್ ಮತ್ತು ಕೇಸ್ ಶೀಟ್.

ಹಾಗಂತ ಹಳ್ಳಿಯ ಡಾಕ್ಟರಿಕೆ ಅಂದರೆ ಸುಲಭದ ಕೆಲಸ, ಸಣ್ಣ ಕಾಯಿಲೆ ಅಂತ ತಿಳಿದರೆ ತಪ್ಪು. ಜನ "ಬರೀ ಎಂಬಿಬಿಎಸ್ ಏನ್ರಿ?" ಅಂತ ಕೇಳುವಾಗ ನನಗೆ ಸಿಟ್ಟು ಬರುತ್ತದೆ. ರಾತ್ರಿ ಎರಡು ಗಂಟೆಗೆ ಹಾವು ಕಚ್ಚಿದವರನ್ನು ಟ್ರ್ಯಾಕ್ಟರಿನಲ್ಲಿ ತಂದಾಗ ಅಲ್ಲಿರುವುದು ಆ ಬರೀ ಎಂಬಿಬಿಎಸ್ ಒಬ್ಬರೇ.

ಹಾವಿನ ವಿಷಯವನ್ನೇ ನೋಡೋಣ. ಕೊಳಕುಮಂಡಲ ಕಚ್ಚಿದರೆ ರಕ್ತ ಹೆಪ್ಪುಗಟ್ಟುವ ಗುಣ ಕೆಡುತ್ತದೆ. ದೊಡ್ಡ ಆಸ್ಪತ್ರೆಯಲ್ಲಿ ಇದನ್ನು ತಿಳಿಯಲು ಲ್ಯಾಬ್ ಇದೆ. ಹಳ್ಳಿಯಲ್ಲಿ ಒಂದು ಗಾಜಿನ ಕೊಳವೆ ಸಾಕು. ಅದರಲ್ಲಿ 2 ಮಿಲಿಲೀಟರ್ ರಕ್ತ ಹಾಕಿ, ಅಲ್ಲಾಡಿಸದೆ 20 ನಿಮಿಷ ಇಟ್ಟು, ಆಮೇಲೆ ಓರೆ ಮಾಡಿ ನೋಡಬೇಕು. ಇನ್ನೂ ನೀರಿನಂತೆ ಹರಿದರೆ ವಿಷ ಏರಿದೆ ಅಂತ ಲೆಕ್ಕ. ಕೇಳಲು ಸುಲಭ, ಅಲ್ವಾ? ಆದರೆ ಕೊಳವೆ ಪ್ಲಾಸ್ಟಿಕ್ಕಿನದಾದರೆ ಉತ್ತರ ತಪ್ಪು ಬರುತ್ತದೆ. ಸೋಪಿನಲ್ಲಿ ತೊಳೆದ ಗಾಜಾದರೂ ತಪ್ಪೇ. ಹೊಸದಾದ, ಒಣಗಿದ ಗಾಜೇ ಬೇಕು. ಇಂಥದ್ದು ಕೈಗೆ ಹತ್ತುವುದು ಮಾಡಿದಾಗ ಮಾತ್ರ. ಕಟ್ಟುಹಾವಿನದು ಇನ್ನೊಂದು ಕಥೆ. ನೆಲದ ಮೇಲೆ ಮಲಗಿದವರಿಗೆ ರಾತ್ರಿ ಕಚ್ಚುತ್ತದೆ. ನೋವಿಲ್ಲ, ಬಾವಿಲ್ಲ. ಬೆಳಗ್ಗೆ ಹೊಟ್ಟೆನೋವು ಅಂತ ಬರುತ್ತಾರೆ. ಡಾಕ್ಟರ್ ಹೊಟ್ಟೆ ಮುಟ್ಟಿ ನೋಡುತ್ತಾ ಕೂತರೆ ಹೊತ್ತು ಮೀರುತ್ತದೆ. ರೆಪ್ಪೆ ಜೋತುಬಿದ್ದಿದೆಯಾ ಅಂತ ಮುಖ ನೋಡಬೇಕು. ವಿಷ ಏರಿದ್ದು ಖಾತ್ರಿಯಾದರೆ ಹತ್ತು ವಯಲ್ ಪ್ರತಿವಿಷದಿಂದ ಶುರು ಮಾಡಬೇಕು. ಅದರಿಂದ ಅಲರ್ಜಿ ಆಗಬಹುದು, ಹಾಗಾಗಿ ಅಡ್ರಿನಾಲಿನ್ ಸೂಜಿ ಪಕ್ಕದಲ್ಲೇ ತಯಾರಿರಬೇಕು. ಇದಕ್ಕೆ ಧೈರ್ಯ ಬೇಕು. ಮೊದಲ ಸಲ ಹಿರಿಯರೊಬ್ಬರು ಪಕ್ಕದಲ್ಲಿ ನಿಂತು ಮಾಡಿಸಿದ್ದರೆ ಆ ಧೈರ್ಯ ಬರುತ್ತದೆ. ಇಲ್ಲದಿದ್ದರೆ ಹೊಸ ಡಾಕ್ಟರ್ "ಹುಬ್ಬಳ್ಳಿಗೆ ಒಯ್ಯಿರಿ" ಅಂತ ಬರೆದುಕೊಡುತ್ತಾರೆ. ದಾರಿಯಲ್ಲಿ ಹೋಗುವ ಆ ಒಂದೆರಡು ತಾಸು ಜೀವದ ಬೆಲೆಯದು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ಒಳ್ಳೆಯ ಕೆಲಸ. ಆದರೆ ವರದಿ ಬರೆಯುವ ಕೈಗೆ ಗಾಜಿನ ಕೊಳವೆ ಹಿಡಿಯಲೂ ಬರಬೇಕು.

ಇನ್ನು ಭಾಷೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕಂದರೆ ಇದು ನಮ್ಮ ಮನೆಯಲ್ಲೇ ಆದದ್ದು. ಅಕ್ಕನನ್ನು ಮೈಸೂರು ಕಡೆ ಕೊಟ್ಟಿದ್ದೇವೆ. ಅವಳ ಮಗಳಿಗೆ ಮೆಡಿಕಲ್ ಸೀಟು ಸಿಕ್ಕಿದ್ದು ನಮ್ಮ ಈ ಕಡೆ. ಅಚ್ಚ ಕನ್ನಡದ ಹುಡುಗಿ, ಭಾಷೆಯ ತೊಂದರೆ ಇರದು ಅಂದುಕೊಂಡಿದ್ದೆವು. ಇಂಟರ್ನ್ ಆಗಿ ಹಾವೇರಿ ಜಿಲ್ಲೆಯ ಒಂದು ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಹೋದಳು. ಒಂದು ಮುಂಜಾನೆ ಹುಡುಗನೊಬ್ಬನನ್ನು ಕರೆತಂದರು. ಬೆವರು, ಜೊಲ್ಲು, ವಾಂತಿ. ತಾಯಿ ಹೇಳಿದ್ದು: "ನಸಿಕ್ಲೆ ಎಣ್ಣಿ ಹೊಡ್ಯಾಕ ಹೋಗಿದ್ದ್ರಿ ಅಕ್ಕಾರ, ಬಂದಾಂವ ಹಿಂಗ ಆದ." ಮೈಸೂರು, ಬೆಂಗಳೂರು ಕಡೆ ಎಣ್ಣೆ ಹೊಡೆಯುವುದು ಅಂದರೆ ಏನು ಅಂತ ನಿಮಗೆ ಗೊತ್ತೇ ಇದೆ. ಇವಳು ಚೀಟಿಯಲ್ಲಿ ಕುಡಿತ ಅಂತ ಬರೆಯಲು ಹೊರಟಿದ್ದಳಂತೆ. ಪಕ್ಕದಲ್ಲಿದ್ದ ಸಿಸ್ಟರ್ ತಡೆದರು. "ಡಾಕ್ಟ್ರ, ಹತ್ತಿಗೆ ಎಣ್ಣಿ ಹೊಡ್ಯಾಕ ಹೋಗಿದ್ದ ಅಂತ." ಅಂದರೆ ಕೀಟನಾಶಕ. ಕಣ್ಣಿನ ಪಾಪೆ ನೋಡಿದರೆ ಸೂಜಿಮೊನೆಯಷ್ಟು ಚಿಕ್ಕದಾಗಿತ್ತು. ಆ ವಿಷಕ್ಕೆ ಕೊಡುವ ಮದ್ದು ಅಟ್ರೋಪಿನ್ ಶುರು ಮಾಡಿದರು. ಎದೆಯೊಳಗಿನ ಗುರುಗುರು ಸದ್ದು ನಿಲ್ಲುವ ತನಕ ಐದೈದು ನಿಮಿಷಕ್ಕೆ ಡೋಸ್ ಏರಿಸುತ್ತಾ ಹೋಗಬೇಕು. ಹುಡುಗ ಉಳಿದ. ನಮ್ಮ ಹುಡುಗಿ ಆ ಸಿಸ್ಟರನ್ನು ಇವತ್ತಿಗೂ ನೆನೆಯುತ್ತಾಳೆ. ಆಮೇಲೆ ಅವಳು ಒಂದು ಚಿಕ್ಕ ನೋಟ್‌ಬುಕ್ ಮಾಡಿಕೊಂಡಳು. ಕಾಮಣಿ ಅಂದರೆ ಕಾಮಾಲೆ. ದಮ್ಮು ಅಂದರೆ ಉಬ್ಬಸ. ಬ್ಯಾನಿ ತಿನ್ನಾಕತ್ತಾಳ ಅಂದರೆ ಹೆರಿಗೆ ನೋವು ಶುರುವಾಗಿದೆ, ಓಡು.

ಕನ್ನಡದವಳಿಗೇ ಹೀಗಾದರೆ ಬೇರೆ ರಾಜ್ಯದಿಂದ ಬಂದವರ ಪಾಡು? ಸರ್ಕಾರಿ ಕಾಲೇಜುಗಳ ಎಂಬಿಬಿಎಸ್ ಸೀಟುಗಳಲ್ಲಿ ಶೇ. 15 ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ಮೊದಲ ವರ್ಷದಲ್ಲಿ ಅವರಿಗೆ ಸ್ಥಳೀಯ ಭಾಷೆ ಕಲಿಸುವ ಏರ್ಪಾಡು ಇದೆ. ಆದರೆ ಪುಸ್ತಕದ ಕನ್ನಡದಲ್ಲಿ "ತಮಗೆ ಎಷ್ಟು ದಿನಗಳಿಂದ ಜ್ವರವಿದೆ?" ಅಂತ ಕೇಳಿದರೆ ರೋಣದ ಅಜ್ಜಿ ಸುಮ್ನೆ ಮುಖ ನೋಡುತ್ತಾಳೆ.

ಅಜ್ಜಿಯ ಮನೆಮಾತು ಕನ್ನಡವೇ ಆಗಿರಬೇಕಿಲ್ಲ. ಗದಗ, ಹಾವೇರಿ ಜಿಲ್ಲೆಗಳಲ್ಲಿ ಲಂಬಾಣಿ ತಾಂಡಾಗಳು ಬಹಳ. ಕಲಘಟಗಿ ಕಡೆಯ ಕಾಡಂಚಿನಲ್ಲಿ ಗೌಳಿ ದಡ್ಡಿಗಳಿವೆ, ಸಿದ್ದಿಗಳ ಮನೆಗಳಿವೆ. ಸಿದ್ದಿಗಳ ಪೂರ್ವಿಕರು ಆಫ್ರಿಕಾದಿಂದ ಬಂದವರು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಧಾರವಾಡ, ಬೆಳಗಾವಿ ಜಿಲ್ಲೆಯ ಸಿದ್ದಿಗಳು ಅದಕ್ಕಾಗಿ 2020ರ ತನಕ ಕಾಯಬೇಕಾಯಿತು. ಜಿಲ್ಲೆಯ ಗಡಿ ದಾಟಿದರೆ ಅದೇ ಜನ, ಬೇರೆ ಕಾಗದ! ಇಂಥ ಮನೆಗಳ ಹೆಣ್ಣುಮಕ್ಕಳು ದವಾಖಾನೆಗೆ ಬರಲು ಹಿಂಜರಿಯುವುದಕ್ಕೆ ದೂರ ಒಂದೇ ಕಾರಣ ಅಲ್ಲ. ಹಿಂದೆ ಹೋದಾಗ ಯಾರೋ ಗದರಿದ್ದು, ವೇಷ ನೋಡಿ ಮೂಗು ಮುರಿದದ್ದು ಅವರಿಗೆ ನೆನಪಿರುತ್ತದೆ.

ನ್ಯೂಜಿಲೆಂಡಿನಲ್ಲಿ ಇರಿಹಾಪೆತಿ ರಾಮ್ಸ್‌ಡೆನ್ ಎಂಬ ಮಾವೊರಿ (ಅಲ್ಲಿನ ಮೂಲನಿವಾಸಿ) ನರ್ಸ್ 1980ರ ದಶಕದ ಕೊನೆಗೆ ಇದನ್ನು ಪಾಠದೊಳಕ್ಕೆ ತಂದರು. ಅವರ ಮಾತಿನ ತಿರುಳು ಇಷ್ಟು. ಬೇರೆಯವರ ರೀತಿ-ರಿವಾಜು ಬಾಯಿಪಾಠ ಮಾಡಿದರೆ ಸಾಲದು. ನರ್ಸ್ ಮೊದಲು ತನ್ನೊಳಗಿನ ತಾತ್ಸಾರ ನೋಡಿಕೊಳ್ಳಬೇಕು. ಮರ್ಯಾದೆ ಸಿಕ್ಕಿತೋ ಇಲ್ಲವೋ ಅನ್ನುವ ತೀರ್ಪು ರೋಗಿಯದು, ನರ್ಸಿನದಲ್ಲ. ನಮ್ಮಲ್ಲಿ ತಿಳಿವಳಿಕೆ ಶಿಬಿರ ಅಂದರೆ ಯಾವಾಗಲೂ ಜನರಿಗೆ ತಿಳಿಸುವುದು. ತಾಂಡಾದ ಅಜ್ಜಿಯಿಂದ ಡಾಕ್ಟರಿಗೆ ಮಾರ್ಕ್ಸ್ ಹಾಕಿಸುವ ಶಿಬಿರ ನಾನಂತೂ ಕಂಡಿಲ್ಲ.

ಹಾಗಾದರೆ ನಮ್ಮ ದೇಶ ಏನೂ ಮಾಡಿಲ್ಲವಾ? ಮಾಡಿದೆ. ಪಟ್ಟಿ ಉದ್ದ ಇದೆ, ಬೇಗ ಹೇಳಿ ಮುಗಿಸುತ್ತೇನೆ. 1946ರಲ್ಲೇ ಭೋರ್ ಸಮಿತಿ, ವೈದ್ಯ ವಿದ್ಯಾರ್ಥಿಗಳಿಗೆ ಸಮಾಜದ ಆರೋಗ್ಯದಲ್ಲಿ ಮೂರು ತಿಂಗಳ ತರಬೇತಿ ಬೇಕು ಅಂದಿತ್ತು. 1977ರಲ್ಲಿ ಪ್ರತಿ ಮೆಡಿಕಲ್ ಕಾಲೇಜನ್ನು ಸುತ್ತಲಿನ ಆರೋಗ್ಯ ಕೇಂದ್ರಗಳಿಗೆ ಜೋಡಿಸುವ ಯೋಜನೆ ಬಂತು. ಈಗ ಎಂಬಿಬಿಎಸ್ ವಿದ್ಯಾರ್ಥಿಗಳು ಮೊದಲ ವರ್ಷದಿಂದ ಹಳ್ಳಿಯ ಕೆಲವು ಮನೆಗಳನ್ನು ದತ್ತು ತೆಗೆದುಕೊಂಡು ಆಗಾಗ ಹೋಗಿ ಬರಬೇಕು. ಒಂದು ವರ್ಷದ ಇಂಟರ್ನ್‌ಶಿಪ್‌ನಲ್ಲಿ 12 ವಾರ ಸಮುದಾಯ ವೈದ್ಯಕೀಯಕ್ಕೆ (ಕಮ್ಯುನಿಟಿ ಮೆಡಿಸಿನ್) ಮೀಸಲು. ಪಿಜಿ (ಎಂಬಿಬಿಎಸ್ ಆದ ಮೇಲಿನ ತಜ್ಞ ಪದವಿ) ಮಾಡುವವರು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ದುಡಿಯಬೇಕು. ಕರ್ನಾಟಕ 2012ರಲ್ಲಿ ಕಾನೂನೇ ಮಾಡಿ ಕೋರ್ಸ್ ಮುಗಿದ ಮೇಲೆ ಒಂದು ವರ್ಷದ ಸರ್ಕಾರಿ ಸೇವೆ ಕಡ್ಡಾಯ ಅಂದಿತು. ಆಮೇಲೆ ಅದಕ್ಕೆ ತಿದ್ದುಪಡಿಗಳೂ ಆದವು.

ಇವುಗಳಲ್ಲಿ ಹೆಚ್ಚಿನವು ಹೋಗಿ ಬರುವ ಲೆಕ್ಕದವು. ಮುಂಜಾನೆ ಕಾಲೇಜಿನ ಬಸ್ ಬಂದು ಶಾಲೆಯ ಮುಂದೆ ನಿಲ್ಲುತ್ತದೆ. ಬಿಳಿ ಕೋಟಿನವರು ಇಳಿದು ಬಿಪಿ ನೋಡುತ್ತಾರೆ, ಫಾರ್ಮ್ ತುಂಬುತ್ತಾರೆ, ಫೋಟೊ ಆಗುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ ಬಸ್ ವಾಪಸ್. ಹಳ್ಳಿಯವರು ಹೊಲದಿಂದ ಮನೆಗೆ ಬರುವುದು ಸಂಜೆ! ಕೋರ್ಸ್ ಮುಗಿದ ಮೇಲಿನ ಕಡ್ಡಾಯ ಸೇವೆಯನ್ನು ಹುಡುಗರು ಶಿಕ್ಷೆ ಅಂತ ನೋಡುತ್ತಾರೆ. ತಪ್ಪು ಅವರದಷ್ಟೇ ಅಲ್ಲ. ನಾಲ್ಕೂವರೆ ವರ್ಷ ಡಾಕ್ಟರಿಕೆ ಅಂದರೆ ದೊಡ್ಡ ಆಸ್ಪತ್ರೆಯೇ ಅಂತ ಕಲಿಸಿ, ಕೊನೆಗೆ ಅದಿಲ್ಲದ ಕಡೆ ಹೋಗು ಅಂದರೆ ಇನ್ನೇನು ಅನ್ನಿಸಬೇಕು? ದೂರದ, ಕಷ್ಟದ ಊರುಗಳಲ್ಲಿ ಕೆಲಸ ಮಾಡಿದ ಸರ್ಕಾರಿ ಡಾಕ್ಟರುಗಳಿಗೆ ಪಿಜಿ ಪರೀಕ್ಷೆಯಲ್ಲಿ ವರ್ಷಕ್ಕೆ ಶೇ. 10ರವರೆಗೆ, ಒಟ್ಟು ಶೇ. 30ರವರೆಗೆ ಹೆಚ್ಚುವರಿ ಅಂಕ ಕೊಡಲು ನಿಯಮದಲ್ಲಿ ಅವಕಾಶ ಇದೆ. ಒಳ್ಳೆಯ ಉದ್ದೇಶವೇ. ಆದರೆ ಅದರೊಳಗೆ ಅಡಗಿರುವ ಮಾತು ಕೇಳಿ: ಹಳ್ಳಿಯಲ್ಲಿ ಮೂರು ವರ್ಷ ತಡೆದುಕೊಂಡರೆ ಹಳ್ಳಿಯಿಂದ ಹೊರಗೆ ಹೋಗಲು ಏಣಿ ಸಿಗುತ್ತದೆ.

ಇದಕ್ಕಿಂತ ಬೇರೆ ದಾರಿ ಹಿಡಿದವರೂ ಇದ್ದಾರೆ. ಮಹಾರಾಷ್ಟ್ರದ ಸೇವಾಗ್ರಾಮದಲ್ಲಿ 1969ರಲ್ಲಿ ಸುಶೀಲಾ ನಯ್ಯರ್ ಕಟ್ಟಿದ ಮೆಡಿಕಲ್ ಕಾಲೇಜಿನಲ್ಲಿ ಪ್ರತಿ ಬ್ಯಾಚಿಗೂ ಒಂದು ಹಳ್ಳಿ. ವಿದ್ಯಾರ್ಥಿಗಳು ಮೊದಲು ಅಲ್ಲಿನ ಗಾಂಧೀಜಿ ಆಶ್ರಮದಲ್ಲಿ ಹದಿನೈದು ದಿನ ಇರುತ್ತಾರೆ. ಆಮೇಲೆ ಆ ಹಳ್ಳಿಯಲ್ಲೇ ಶಿಬಿರ ಹೂಡಿ ಉಳಿಯುತ್ತಾರೆ. ಜಪಾನಿನವರು 1972ರಲ್ಲಿ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯವನ್ನು ಈ ಒಂದೇ ಕೆಲಸಕ್ಕೆ ತೆರೆದರು. ದೇಶದ 47 ಪ್ರಾಂತ್ಯಗಳಿಂದ ವರ್ಷಕ್ಕೆ ಎರಡು-ಮೂರು ಮಂದಿಯನ್ನು ಆರಿಸುತ್ತಾರೆ. ಕರಾರು ಪಾಲಿಸಿದವರಿಗೆ ಫೀ ಮನ್ನಾ. ಓದು ಮುಗಿದ ಮೇಲೆ ಸುಮಾರು ಒಂಬತ್ತು ವರ್ಷ ತಮ್ಮದೇ ಪ್ರಾಂತ್ಯದಲ್ಲಿ ಕೆಲಸ ಮಾಡಬೇಕು. ಒಂಬತ್ತು ವರ್ಷ! ನಮ್ಮ ಒಂದು ವರ್ಷದ ಬಾಂಡಿಗೇ ಕೋರ್ಟ್ ಮೆಟ್ಟಿಲು ಹತ್ತುತ್ತೇವೆ. ಆದರೂ ಅಲ್ಲಿ ಬಹುತೇಕರು ಕರಾರು ಮುಗಿಸುತ್ತಾರೆ, ಮುಗಿದ ಮೇಲೂ ಹೆಚ್ಚಿನವರು ತಮ್ಮ ಪ್ರಾಂತ್ಯದಲ್ಲೇ ಉಳಿದಿದ್ದಾರೆ. ಅವರನ್ನು ಕಳಿಸುವುದು ಯಾವುದೋ ಊರಿಗಲ್ಲ, ಸ್ವಂತ ಸೀಮೆಗೆ. ವ್ಯತ್ಯಾಸ ಇರುವುದು ಇಲ್ಲಿ ಅಂತ ನನ್ನ ಲೆಕ್ಕ.

ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯ 1997ರಲ್ಲಿ ಇನ್ನೊಂದು ಪ್ರಯೋಗ ಮಾಡಿತು. ಸಾಮಾನ್ಯವಾಗಿ ವಿದ್ಯಾರ್ಥಿ ಕೆಲವು ವಾರ ಸರ್ಜರಿ, ಕೆಲವು ವಾರ ಹೆರಿಗೆ, ಕೆಲವು ವಾರ ಮಕ್ಕಳ ವಾರ್ಡ್ ಅಂತ ತಿರುಗುತ್ತಾನೆ. ಅದರ ಬದಲು ಒಂದು ವರ್ಷ ಒಂದೇ ಗ್ರಾಮೀಣ ಪಟ್ಟಣದಲ್ಲಿ, ಅಲ್ಲಿನ ಡಾಕ್ಟರುಗಳ ಜೊತೆ ಉಳಿಸಿದರು. ಎಲ್ಲ ವಿಷಯವನ್ನೂ ಅಲ್ಲೇ, ಒಟ್ಟಿಗೆ ಕಲಿಯುವುದು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಹೀಗೆ. ಹಾನಗಲ್ಲಿನ ತಾಲ್ಲೂಕು ಆಸ್ಪತ್ರೆಗೆ ಒಬ್ಬ ಹೆಣ್ಣುಮಗಳು ಮೂರು ತಿಂಗಳ ಬಸುರಿಯಾಗಿ ಬರುತ್ತಾಳೆ. ಅದೇ ವಿದ್ಯಾರ್ಥಿನಿ ಅವಳ ರಕ್ತಹೀನತೆ ನೋಡುತ್ತಾಳೆ, ಕಬ್ಬಿಣದ ಗುಳಿಗೆ ಯಾಕೆ ನುಂಗುತ್ತಿಲ್ಲ ಅಂತ ಮನೆಗೆ ಹೋಗಿ ಕೇಳುತ್ತಾಳೆ, ಹೆರಿಗೆಯಲ್ಲಿ ನಿಲ್ಲುತ್ತಾಳೆ, ಕೂಸಿನ ಮೊದಲ ಲಸಿಕೆಗೂ ಇರುತ್ತಾಳೆ. ಅತ್ತೆಗೆ ಶುಗರ್ ಇದೆ ಅಂತಲೂ ಅಷ್ಟರಲ್ಲಿ ಗೊತ್ತಾಗಿರುತ್ತದೆ. ಇಂಥವರು ಪರೀಕ್ಷೆಯಲ್ಲಿ ಹಿಂದೆ ಬೀಳುತ್ತಾರೆ ಎಂಬ ಭಯ ಫ್ಲಿಂಡರ್ಸ್‌ನಲ್ಲೂ ಇತ್ತು. ಫಲಿತಾಂಶ ನೋಡಿದಾಗ ನಗರದ ಆಸ್ಪತ್ರೆಯಲ್ಲಿ ಉಳಿದವರಿಗಿಂತ ಇವರೇ ಮುಂದಿದ್ದರು.

ಕೆನಡಾದ ಉತ್ತರ ಒಂಟಾರಿಯೊದಲ್ಲಿ 2005ರಲ್ಲಿ ಶುರುವಾದ ಮೆಡಿಕಲ್ ಸ್ಕೂಲು ಜನರಿಂದ ಕಲಿಯುವುದು, ಅವರ ನಡುವೆ ಉಳಿದು ಕಲಿಯುವುದು ಎರಡನ್ನೂ ಸೇರಿಸಿತು. ಮೊದಲ ವರ್ಷವೇ ಪ್ರತಿ ವಿದ್ಯಾರ್ಥಿ ನಾಲ್ಕು ವಾರ ಮೂಲನಿವಾಸಿ ಸಮುದಾಯವೊಂದರಲ್ಲಿ ಇದ್ದು ಬರಬೇಕು. ಆಗಿನ್ನೂ ಅವರಿಗೆ ಚಿಕಿತ್ಸೆ ಮಾಡಲು ಬರುವುದಿಲ್ಲ. ಅದೇ ಒಳ್ಳೆಯದು. ಕಲಿಸಲು ಏನೂ ಇಲ್ಲದಾಗ ಕೇಳಿಸಿಕೊಳ್ಳುವುದೊಂದೇ ಉಳಿಯುತ್ತದೆ. ಮೂರನೇ ವರ್ಷ ಎಂಟು ತಿಂಗಳು ಸಣ್ಣ ಪಟ್ಟಣಗಳಲ್ಲಿ ವಾಸ.

ಯಾರನ್ನು ಆರಿಸಬೇಕು ಅನ್ನುವುದರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೂ 2021ರಲ್ಲೂ ಒಂದೇ ಮಾತು ಹೇಳಿದೆ: ಹಳ್ಳಿಯಲ್ಲಿ ಬೆಳೆದವರನ್ನು ಸೇರಿಸಿಕೊಳ್ಳಿ, ಅವರು ಹಳ್ಳಿಗೆ ಮರಳುವ ಸಂಭವ ಹೆಚ್ಚು. ಈ ವಿಷಯದಲ್ಲಿ ಕರ್ನಾಟಕ ಹಿಂದಿಲ್ಲ. ಒಂದರಿಂದ ಹತ್ತನೇ ತರಗತಿ ಹಳ್ಳಿಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಬಾಗಿಲು ತೆರೆದಿದೆ, ಸರಿ. ಆದರೆ ಶಿರಹಟ್ಟಿಯ ಹುಡುಗನೊಬ್ಬ ಆ ಬಾಗಿಲಿನಿಂದ ಒಳಗೆ ಬಂದು ಐದೂವರೆ ವರ್ಷ ನಗರದಲ್ಲಿ ಕಳೆದರೆ, ಹೊರಗೆ ಹೋಗುವಾಗ ಶಿರಹಟ್ಟಿ ಅವನಿಗೂ ಕಷ್ಟದ ಊರೇ.

ಈಗ ನಮ್ಮ ಕಡೆ ಮೆಡಿಕಲ್ ಕಾಲೇಜುಗಳೇ ಜಿಲ್ಲೆಗೆ ಬಂದಿವೆ. ಗದಗಿಗೆ 2015ರಲ್ಲಿ, ಹಾವೇರಿಗೆ 2022ರಲ್ಲಿ. ಇದು ಸಣ್ಣ ಬದಲಾವಣೆ ಅಲ್ಲ. ಆದರೆ ಗದಗ ಊರಿನ ಹೊರಗೆ ಕಟ್ಟಡ ಎದ್ದ ಮಾತ್ರಕ್ಕೆ ಪಾಠ ತಾಂಡಾಕ್ಕೆ ಹೋದಂತಾಗದು. ವಿದ್ಯಾರ್ಥಿಗಳನ್ನು ತಿಂಗಳುಗಟ್ಟಲೆ ತಾಲ್ಲೂಕಿನಲ್ಲಿ ಇಡಬೇಕಾದರೆ ಮೊದಲು ಉಳಿಯಲು ಖೋಲಿ ಬೇಕು. ಹೆಣ್ಣುಮಕ್ಕಳು ರಾತ್ರಿ ಹೆರಿಗೆ ನೋಡಲು ಹೋಗಿ ಬರುವಷ್ಟು ಭದ್ರತೆ ಬೇಕು. ನೀರಿರುವ ಸಂಡಾಸ್ ಬೇಕು. ನಗಬೇಡಿ, ಎಷ್ಟೋ ಪೋಸ್ಟಿಂಗ್‌ಗಳು ಹಾಳಾಗುವುದು ಇದರಿಂದಲೇ. ಅನುಮಾನ ಬಂದಾಗ ಫೋನ್ ಎತ್ತುವ ಹಿರಿಯ ಡಾಕ್ಟರ್ ಕಾಲೇಜಿನಲ್ಲಿ ಇರಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿ ಕಲಿಸುವವರು ಬೇಕು. ಆ ಸೀಮೆಯ ಹಾವು, ಎಣ್ಣಿ, ನೀರು, ಗುಳೆ ಹೋಗುವ ತಿಂಗಳು ಎಲ್ಲ ಬಲ್ಲವರು ಪಿಎಚ್‌ಸಿಯ ಡಾಕ್ಟರ್, ಸಿಸ್ಟರ್, ಆಶಾ ಅಕ್ಕಂದಿರು. ಬಯಲುಸೀಮೆಯಲ್ಲಿ ಒಂದು ಪಿಎಚ್‌ಸಿಗೆ 30,000 ಜನ ಅಂತ ಲೆಕ್ಕ. ಅಷ್ಟು ಜನರನ್ನು ನೋಡಿಕೊಂಡು, ಬರುವ ಇಂಟರ್ನ್‌ಗಳಿಗೂ ಹೇಳಿಕೊಡುತ್ತಾರೆ, ಪುಕ್ಕಟೆಯಾಗಿ. ಕಾಲೇಜಿನ ದಾಖಲೆಯಲ್ಲಿ ಅವರು ಮೇಷ್ಟ್ರಲ್ಲ. 2025ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ನಿಯಮ ಸಡಿಲಿಸಿತು. ಪಿಜಿ ಪದವಿ ಇದ್ದು, ಸರ್ಕಾರಿ ಆಸ್ಪತ್ರೆಯಲ್ಲಿ ಹತ್ತು ವರ್ಷ ಕೆಲಸ ಮಾಡಿದ ತಜ್ಞರು ಈಗ ಅಸೋಸಿಯೇಟ್ ಪ್ರೊಫೆಸರ್ ಆಗಬಹುದು. ಅದಕ್ಕೊಂದು ಷರತ್ತಿದೆ: ಅವರು ದುಡಿದ ಆಸ್ಪತ್ರೆಯಲ್ಲಿ ಕನಿಷ್ಠ 220 ಹಾಸಿಗೆ ಇರಬೇಕು. ಪಿಎಚ್‌ಸಿಯಲ್ಲಿ ಸಾಮಾನ್ಯವಾಗಿ ಇರುವುದು ಆರು.